ಎದೆಯೊಳಗಿನ ಸಂಖ್ಯೆಯನ್ನು ಖುದ್ದಾಗಿ ಹಾಜರುಪಡಿಸುವ ಬಗ್ಗೆ

ವೈದ್ಯಕೀಯ ಸಾಧನಗಳ ನೋಂದಣಿ ಮತ್ತು ಪರಿಹಾರ ಕಚೇರಿಯ ಮುಖ್ಯಾಧಿಕಾರಿಗಳಿಗೆ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿರುವ ಕಟ್ಟಡ.

ಮಾನ್ಯರೇ, ಕುಶಲ ವಿಚಾರಿಸುವ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಶಸ್ತ್ರವೈದ್ಯೆಯನ್ನು ಮೂರು ಸಲ ಕಂಡದ್ದಕ್ಕೆ ನಾಲ್ಕು ಸಾವಿರದ ಐನೂರು. ಸಾದಾ ಸ್ಕ್ಯಾನ್ ಒಂದು, ಎರಡು ಸಾವಿರದ ಎಂಟುನೂರು. ಕೊಳವೆಯೊಳಗೆ ಮಲಗಿಸಿ ಮಾಡುವ ದೊಡ್ಡ ಸ್ಕ್ಯಾನ್, ಹನ್ನೊಂದು ಸಾವಿರದ ಐನೂರು. ನಿಮ್ಮ ಕಚೇರಿಗೆ ಏಳು ಸಲ ಹೋಗಿಬಂದ ಖರ್ಚು ಸಾವಿರದ ಒಂಬೈನೂರ ಅರವತ್ತು. ಜೆರಾಕ್ಸ್, ದೃಢೀಕರಣ ಎಲ್ಲ ಸೇರಿ ಆರುನೂರ ನಲವತ್ತು. ನನ್ನ ಎದೆಯೊಳಗೆ ಎರಡು ಸಿಲಿಕಾನ್ ಇಂಪ್ಲಾಂಟ್‌ಗಳಿರುವುದು ಸತ್ಯ ಎಂದು ನಾನೇ ಬರೆದು ಸಹಿ ಹಾಕಿದ ಪ್ರಮಾಣಪತ್ರಕ್ಕೆ ಸಾವಿರದ ಇನ್ನೂರು. ಆಸ್ಪತ್ರೆಗೆ ಮುಂಗಡ ಅರವತ್ತು ಸಾವಿರ. ಒಟ್ಟು ಎಂಬತ್ತೆರಡು ಸಾವಿರದ ಆರುನೂರು. ಗುರುವಾರ ಬೆಳಿಗ್ಗೆ ಇನ್ನೊಂದು ಲಕ್ಷದ ಎಂಬತ್ತು ಸಾವಿರ ಕಟ್ಟಬೇಕು. ಹನ್ನೆರಡು ವರ್ಷದ ಹಿಂದೆ ಅವನ್ನು ಹಾಕಿಸಿಕೊಳ್ಳಲು ಕೊಟ್ಟದ್ದನ್ನು ಇದರಲ್ಲಿ ಸೇರಿಸಿಲ್ಲ. ಅದು ನನ್ನ ಆಸೆಯ ಖರ್ಚು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಇನ್ನು ದೂರು. ನನ್ನೊಳಗಿರುವ ಸಾಧನದ ಸಂಖ್ಯೆ ತೋರಿಸಿದರೆ ಅದನ್ನು ತೆಗೆಸಲು ಅನುಮತಿ ಕೊಡುತ್ತೇವೆ ಎನ್ನುತ್ತೀರಿ. ಸಂಖ್ಯೆ ಅಚ್ಚಾಗಿರುವುದು ಆ ಸಾಧನದ ಬೆನ್ನ ಮೇಲೆ, ಅದನ್ನು ತೆಗೆದ ಮೇಲೆ ಮಾತ್ರ ಕಾಣುತ್ತದೆ. ಅನುಮತಿಯಿಲ್ಲದೆ ತೆಗೆಸಿದರೆ ಅಂಥ ಸಾಧನವನ್ನು ಪರಿಗಣಿಸಲಾಗುವುದಿಲ್ಲ ಎಂದು ನಿಮ್ಮದೇ ನಿಯಮದ ಒಂಬತ್ತನೇ ಕಲಮು ಹೇಳುತ್ತದೆ. ನಾನು ಎಸ್‌ಎಸ್‌ಎಲ್‌ಸಿ ಕೂಡ ಮುಗಿಸದವಳು. ಓದಿದವರು ದಯವಿಟ್ಟು ಹೇಳಿ, ಇದರಲ್ಲಿ ಎಲ್ಲಿಂದ ಒಳಗೆ ಹೋಗಬೇಕು?

ಸಂಖ್ಯೆ ಕೇಳಿದಿರಿ ಎಂದು ನನಗೆ ಬೇಸರವಿಲ್ಲ. ನಾನು ತಕ್ಕಡಿ ವ್ಯಾಪಾರದವಳು. ಮಾರುತ್ತೇನೆ, ರಿಪೇರಿ ಮಾಡಿಸುತ್ತೇನೆ, ವರ್ಷಕ್ಕೊಮ್ಮೆ ಮುದ್ರೆ ಹಾಕಿಸಿ ಕೊಡುತ್ತೇನೆ. ಹತ್ತೊಂಬತ್ತನೇ ವಯಸ್ಸಿಗೆ ಚೀಲದಲ್ಲಿ ಕಬ್ಬಿಣದ ತೂಕದ ಬಟ್ಟುಗಳನ್ನು ಹೊತ್ತು ಅಂಗಡಿಯಿಂದ ಅಂಗಡಿಗೆ ನಡೆದು, ಬಾಯಿಯೊಂದನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬಂದೆ. ಸಂಖ್ಯೆ ಅಳಿಸಿದ ತಕ್ಕಡಿಯನ್ನು ನಾನೂ ಒಳಗೆ ಸೇರಿಸುವುದಿಲ್ಲ. ಆದರೆ ಒಂದು ತಕ್ಕಡಿಯ ಸಂಖ್ಯೆ ತಳದಲ್ಲಿದ್ದರೆ ನಾನು ಅದನ್ನು ಮಗುಚಿ ನೋಡುತ್ತೇನೆ. ಮಗುಚುವುದಕ್ಕೆ ಮುಂಚೆ ಸಂಖ್ಯೆ ಹೇಳು ಎಂದು ಗಿರಾಕಿಯನ್ನು ಮನೆಗೆ ಅಟ್ಟುವುದಿಲ್ಲ.

ಯಾಕೆ ಹಾಕಿಸಿಕೊಂಡಿರಿ ಎಂದು ನಿಮ್ಮ ಫಾರಂನ ಹದಿನಾಲ್ಕನೇ ಪ್ರಶ್ನೆ ಕೇಳುತ್ತದೆ. ಎರಡೂವರೆ ಇಂಚು ಜಾಗ ಬಿಟ್ಟಿದ್ದೀರಿ. ಅಷ್ಟು ಜಾಗ ಬೇಕಿಲ್ಲ. ಆಗ ನನಗೆ ಮೂವತ್ತಾರು ವರ್ಷ, ಅಂಗಡಿ ಸ್ವಂತದ್ದಾಗಿತ್ತು, ಸಾಲ ತೀರಿತ್ತು. ಮಗಳಿಗೆ ಹಾಲು ಕುಡಿಸಿದ ಮೇಲೆ ಎದೆ ಖಾಲಿ ಚೀಲದಂತಾಗಿತ್ತು. ನನಗೆ ಬೇಕೆನಿಸಿತು. ಯಾರೂ ಒತ್ತಾಯಿಸಲಿಲ್ಲ. ನಮ್ಮ ಮನೆಯವರು ಅಂಗಡಿಯ ಬಿಲ್ಲು ಬರೆಯುವವರು, ಮಿತಭಾಷಿ. "ಬೇಕಾ ನಿಂಗೆ?" ಎಂದರು. "ಬೇಕು" ಎಂದೆ. "ಸರಿ ಹಾಗಾದ್ರೆ" ಎಂದರು. ಫ್ರಿಜ್ ಕೊಳ್ಳುವಾಗ ನಾವು ಇದಕ್ಕಿಂತ ಹೆಚ್ಚು ಚರ್ಚೆ ಮಾಡಿದ್ದೆವು.

ಎಂಟು ತಿಂಗಳ ಹಿಂದೆ ನಿಮ್ಮ ಕಚೇರಿಯಿಂದಲೇ ರಿಜಿಸ್ಟರ್ಡ್ ಪತ್ರ ಬಂತು. ನಾನು ಅರ್ಜಿ ಹಾಕಿರಲಿಲ್ಲ, ಕೇಳಿರಲಿಲ್ಲ. ಅವನ್ನು ತಯಾರಿಸಿದ ಕಂಪನಿಯ ಕೆಲವು ಬ್ಯಾಚಿನ ಇಂಪ್ಲಾಂಟ್‌ಗಳು ಒಳಗೇ ಒಡೆಯುತ್ತಿರುವುದರಿಂದ ಅವನ್ನು ಹಿಂಪಡೆಯಲಾಗಿದೆ, ನಿಮ್ಮದೂ ಅವುಗಳಲ್ಲಿ ಇರುವ ಸಾಧ್ಯತೆ ಇದೆ, ತೆಗೆಸುವ ವೆಚ್ಚವನ್ನು ಕಂಪನಿ ನಮ್ಮಲ್ಲಿ ಠೇವಣಿ ಇಟ್ಟಿದೆ ಎಂದು ಬರೆದಿದ್ದಿರಿ. ನನ್ನ ಹೆಸರು, ಮನೆ ನಂಬರು, ಶಸ್ತ್ರಚಿಕಿತ್ಸೆಯ ತಾರೀಖು ಎಲ್ಲ ಸರಿಯಾಗಿತ್ತು. ಅಷ್ಟನ್ನು ತಿಳಿದವರಿಗೆ ಸಂಖ್ಯೆಯೊಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಎಡಗಡೆಯದು ಗಟ್ಟಿಯಾಗಿ, ಮೇಲಕ್ಕೆ ಸರಿದು, ತೋಳು ಎತ್ತಿದರೆ ಎಳೆಯುತ್ತಿತ್ತು. ನೋವು ಎಂದು ಪೂರ್ತಿ ಹೇಳುವಂತಿಲ್ಲ. ಅದರ ಕೆಳಗಿನ ಚರ್ಮಕ್ಕೆ ಹನ್ನೆರಡು ವರ್ಷದಿಂದ ಸ್ಪರ್ಶವೇ ಇಲ್ಲ. ಬಿಸಿ ಚಹಾ ಚೆಲ್ಲಿದರೆ ಬಟ್ಟೆ ಒದ್ದೆಯಾದದ್ದನ್ನು ಕಂಡು ತಿಳಿದುಕೊಳ್ಳಬೇಕು. ಈಚೆಗೆ ಆ ಮರಗಟ್ಟುವಿಕೆ ಬೇರೆ ಕಡೆಗೂ ಹಬ್ಬಿದಂತಿದೆ. ನಿಮ್ಮ ಪತ್ರ ಓದಿದಾಗ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಎರಡು ಸಲ ಓದಿ ಮಡಚಿಟ್ಟೆ.

ಸ್ಕ್ಯಾನ್ ನೋಡಿದ ಶಸ್ತ್ರವೈದ್ಯೆ ಸುತ್ತಿಬಳಸಲಿಲ್ಲ. "ಎಡಗಡೇದು ಒಳಗೇ ಒಡೆದಿದೆ. ಸುತ್ತ ಗಟ್ಟಿ ಪೊರೆ ಬೆಳೆದಿರೋದ್ರಿಂದ ಸದ್ಯಕ್ಕೆ ಅಲ್ಲೇ ನಿಂತಿದೆ. ಗಾಬರಿ ಪಡೋದು ಬೇಡ, ಮುಂದಕ್ಕೆ ಹಾಕೋದೂ ಬೇಡ."

"ತೆಗೆದು ಹೊಸದು ಹಾಕ್ತೀರಾ?"

"ಹಾಕ್ಬಹುದು. ಹಾಕದೇನೂ ಇರಬಹುದು. ಅದನ್ನ ನೀವೇ ಹೇಳ್ಬೇಕು. ಹಾಕದಿದ್ರೆ ಮೊದಲಿನ ಥರ ಆಗಲ್ಲ, ಚರ್ಮ ಜೋತುಬೀಳತ್ತೆ. ಫೋಟೋ ತೋರಿಸ್ಲಾ?"

"ತೋರಿಸಿ."

ಹನ್ನೊಂದು ಫೋಟೋ ನೋಡಿದೆ. ಒಂದೂ ಚೆನ್ನಾಗಿರಲಿಲ್ಲ, ಒಂದೂ ಭಯಂಕರವಾಗಿಯೂ ಇರಲಿಲ್ಲ. ಮುಖಗಳಿರಲಿಲ್ಲ. ಹೊಸದನ್ನೇ ಹಾಕಿಸಿಕೊಳ್ಳುವುದು ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಎದ್ದುಬಂದೆ. ಹಳೆಯ ಯಂತ್ರ ಕೆಟ್ಟರೆ ಹೊಸದು ಕೊಡುವುದು ನಮ್ಮ ಅಂಗಡಿಯ ಅಭ್ಯಾಸ.

ಮನೆಯಲ್ಲಿ ಅತ್ತೆಗೆ ಹೇಳಲೇಬೇಕಾಯಿತು. ಎಂಬತ್ತೊಂದು ವರ್ಷ, ಕಿವಿ ಮಂದ, ನಾಲಿಗೆ ಚುರುಕು. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು: "ದೇವರು ಕೊಟ್ಟಿದ್ದನ್ನ ತೆಗೆಸ್ತೀನಿ ಅಂದಿದ್ರೆ ಬೈತಿದ್ದೆ ಕಣೇ. ಇದು ಅಂಗಡಿಯಿಂದ ತಂದಿದ್ದು. ಕೆಟ್ಟಿದ್ರೆ ವಾಪಸ್ ಕೊಡು."

"ಬಿಲ್ಲಿಲ್ದೆ ಯಾರಮ್ಮ ವಾಪಸ್ ತಗೋತಾರೆ?" ಎಂದರು ಮನೆಯವರು. ಆ ಮಾತಿಗೆ ಮೂವರೂ ನಕ್ಕೆವು. ನಿಜವೆಂದರೆ ಬಿಲ್ಲು ಇತ್ತು, ಅದರ ಮೇಲೆ ಅಕ್ಷರ ಇರಲಿಲ್ಲ.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಶಸ್ತ್ರಚಿಕಿತ್ಸೆಯ ದಿನ ನನಗೊಂದು ಕಾರ್ಡ್ ಕೊಟ್ಟಿದ್ದರು. ಅದರಲ್ಲಿ ಎಡಕ್ಕೊಂದು ಬಲಕ್ಕೊಂದು ಚೀಟಿ ಅಂಟಿಸಿ ಸಂಖ್ಯೆ ಅಚ್ಚಾಗಿತ್ತು. ಅದು ಅಂಗಡಿಯ ರಸೀದಿಯಂಥ ನುಣುಪು ಕಾಗದ. ಆ ಕಾಗದದ ಗುಣ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮಾರುವ ತಕ್ಕಡಿಗಳು ಉಗುಳುವುದು ಅದೇ ಕಾಗದವನ್ನು. ಎರಡು ಬೇಸಿಗೆ ಕಳೆದರೆ ಬೆಳ್ಳಗಾಗುತ್ತದೆ. ಆದ್ದರಿಂದ ಅಂಥ ಪ್ರತಿಯೊಂದು ರಸೀದಿಯನ್ನೂ ಬಂದ ದಿನವೇ ಜೆರಾಕ್ಸ್ ಮಾಡಿಸಿ ಪಿನ್ ಹೊಡೆದು ಇಡುತ್ತೇನೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಜೆರಾಕ್ಸ್ ಮಾಡಿಸದೆ ಬಿಟ್ಟದ್ದು ಇದೊಂದೇ ಕಾಗದ. ಜೆರಾಕ್ಸ್ ಅಂಗಡಿಯವನು ನಮ್ಮ ಪಕ್ಕದ ಮಳಿಗೆಯವನು, ಬರೆದದ್ದನ್ನೆಲ್ಲ ಓದುವ ಚಾಳಿ. "ಏನಕ್ಕಾ ಇದು, ಎಡ ಬಲ ಅಂತ ಇದೆ?" ಎಂದು ಕೇಳಿದರೆ ಏನು ಹೇಳಲಿ? ಕಾರ್ಡನ್ನು ಪರ್ಸಿನ ಒಳಪದರದಲ್ಲಿಟ್ಟೆ. ಎಂಟು ತಿಂಗಳ ಹಿಂದೆ ತೆಗೆದು ನೋಡಿದಾಗ ಎರಡು ಬಿಳಿ ಚೌಕ ಉಳಿದಿತ್ತು. ನಾಚಿಕೆಗೆ ತೆತ್ತ ದಂಡ ಎಂದು ಬರೆದುಕೊಳ್ಳಿ.

ಅವನ್ನು ಹಾಕಿದ ಆಸ್ಪತ್ರೆಯವರು ನಿಮಗೂ ಕಾರ್ಡಿನ ಒಂದು ಪ್ರತಿ ಕಳಿಸಬೇಕಿತ್ತಲ್ಲ ಎಂದು ನಿಮ್ಮ ಕಚೇರಿಯಲ್ಲಿ ಕೇಳಿದೆ. "ಬಂದಿಲ್ಲ, ನೀವೇ ಆಸ್ಪತ್ರೇಲಿ ವಿಚಾರಿಸಿ" ಎಂದರು ನಿಮ್ಮವರು. ವಿಚಾರಿಸಲು ಹೋದೆ. ಆಸ್ಪತ್ರೆ ಮುಚ್ಚಿ ಆರು ವರ್ಷ. ಈಗ ಅಲ್ಲಿ ಹಾಸಿಗೆಗಳ ಮಳಿಗೆ. ನೆಲದ ಹಸಿರು ಟೈಲು ಮಾತ್ರ ಅದೇ. ನನ್ನನ್ನು ಮಲಗಿಸಿದ್ದ ಕೋಣೆಯ ಜಾಗದಲ್ಲಿ ಜೋಡಿ ಹಾಸಿಗೆ ಹಾಕಿದ್ದರು, ಮೇಲೆ ರಿಯಾಯಿತಿ ಚೀಟಿ. ಮಾರುವವನು ಓಡಿಬಂದ.

"ಮಲಗಿ ನೋಡಿ ಮೇಡಂ, ಮಲಗಿ ನೋಡದೆ ಯಾರೂ ಹಾಸಿಗೆ ತಗೋಬಾರ್ದು."

ಮಲಗಿದೆ. ಏಳು ತಿಂಗಳ ಓಡಾಟದಲ್ಲಿ ಕೂರಿಸಿ ಮಾತಾಡಿಸಿದವರೇ ಇರಲಿಲ್ಲ, ಇವನು ಮಲಗಿಸಿದ.

"ಹಾಗೇ ಎಡಕ್ಕೆ ಹೊರಳಿ, ಸ್ಪ್ರಿಂಗ್ ಗೊತ್ತಾಗತ್ತೆ."

"ಎಡಕ್ಕಾಗಲ್ಲ ಕಣಪ್ಪ."

"ಬೆನ್ನು ನೋವಾ ಮೇಡಂ? ಬೆನ್ನಿಗೆ ಬೇರೆ ಮಾಡೆಲ್ ಇದೆ."

ಹಳೆಯ ಆಸ್ಪತ್ರೆಯ ಕಡತಗಳು ಎಲ್ಲಿ ಹೋದವು ಎಂದು ಕೇಳಿದೆ. ಪಾಪ, ಅವನು ನಾಲ್ಕು ಜನಕ್ಕೆ ಫೋನ್ ಮಾಡಿ ವಿಚಾರಿಸಿದ. ನೆಲಮಾಳಿಗೆಯಲ್ಲಿ ನೀರು ತುಂಬಿದ ವರ್ಷ ಎಲ್ಲವನ್ನೂ ರದ್ದಿಗೆ ಹಾಕಿದರಂತೆ. ಐದು ನಿಮಿಷದಲ್ಲಿ ಅವನಿಗೆ ಸಿಕ್ಕ ಈ ಮಾಹಿತಿ ಏಳು ತಿಂಗಳಲ್ಲಿ ನಿಮ್ಮ ಕಚೇರಿಗೆ ಸಿಗಲಿಲ್ಲ.

ನಾಲ್ಕನೇ ಕೌಂಟರಿನಲ್ಲಿ ನಡೆದದ್ದನ್ನೂ ನಿಮಗೆ ಹೇಳಬೇಕು. ನಿಮ್ಮ ಎರಡನೇ ಪತ್ರದಲ್ಲಿ "ಸಂಖ್ಯೆ ಅಸ್ಪಷ್ಟವಾಗಿದ್ದಲ್ಲಿ ಸಾಧನವನ್ನು ಮೂಲರೂಪದಲ್ಲಿ ಖುದ್ದಾಗಿ ಹಾಜರುಪಡಿಸತಕ್ಕದ್ದು" ಎಂದಿತ್ತು. ಆಜ್ಞೆಯಂತೆ ಹಾಜರಾದೆ. ಗುಮಾಸ್ತರು ಕಡತದಿಂದ ತಲೆ ಎತ್ತದೆ ಕೇಳಿದರು.

"ಸಾಧನ ತಂದಿದ್ದೀರಾ?"

"ತಂದಿದ್ದೀನಿ."

"ಇಡಿ ಇಲ್ಲಿ."

"ಇಡಕ್ಕಾಗಲ್ಲ ಸಾರ್."

"ಯಾಕಮ್ಮ, ತಂದಿದ್ದೀನಿ ಅಂದ್ರಲ್ಲ? ಬ್ಯಾಗಲ್ಲಿದೆಯಾ?"

"ಮೈಯಲ್ಲಿದೆ."

ಆಗ ತಲೆ ಎತ್ತಿದರು. ಎತ್ತಿದ ಮೇಲೆ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಗಡಿಯಾರ ನೋಡಿದರು. ನನ್ನ ಹಿಂದೆ ಕೋಲು ಊರಿ ನಿಂತಿದ್ದ ದೊಡ್ಡ ಮನುಷ್ಯರೊಬ್ಬರು ಬಗ್ಗಿ ಹೇಳಿದರು: "ನಂದೂ ಅದೇ ಗೋಳು ತಾಯಿ. ಸೊಂಟದ ಕೀಲು. ಬಿಚ್ಚಿಕೊಡಿ ಅಂದ್ರು. ಕೊಟ್ಟು ಮನೆಗೆ ಹೇಗಪ್ಪಾ ಹೋಗ್ಲಿ, ನೀನು ಎತ್ಕೊಂಡು ಹೋಗ್ತೀಯಾ ಅಂದೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು, ಗುಮಾಸ್ತರೂ ನಕ್ಕರು. ಆಮೇಲೆ ದನಿ ತಗ್ಗಿಸಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ನಾನೇನ್ ಮಾಡ್ಲಿ ಹೇಳಿ. ಈ ಫಾರಂ ಮಾಡಿದ್ದು ಕಿವಿ ಯಂತ್ರಕ್ಕೆ, ಗಾಲಿ ಕುರ್ಚಿಗೆ. ಅವನ್ನ ತಂದು ಮೇಜಿನ ಮೇಲೆ ಇಡಬಹುದು. ನಿಮ್ಮಂಥೋರ ಕೇಸು ಶುರುವಾದಾಗ ಹೊಸ ಫಾರಂ ಮಾಡಿ ಅಂತ ನಾನೇ ಬರೆದೆ. ಇದೇ ಸಾಕು ಅಂದ್ರು ಮೇಲಿನೋರು."

ಮೇಲಿನವರು ಎಂದರೆ ಯಾರು ಎಂದು ಕೇಳಿದೆ. ಅವರು ಛಾವಣಿ ತೋರಿಸಿದರು. ನಿಮ್ಮ ಕೋಣೆ ಆ ಕೌಂಟರಿನ ನೇರ ಮೇಲಿದೆಯಂತೆ.

ಮಾನ್ಯರೇ, ನಿಮ್ಮ ಈ ಫಾರಂ ನನ್ನ ಮನೆಯಲ್ಲಿ ಮಾಡಿದ ಕೆಲಸವೊಂದಿದೆ, ಅದು ನಿಮಗೆ ತಿಳಿದಿರಲಾರದು. ಭರ್ತಿ ಮಾಡುತ್ತ ಊಟದ ಮೇಜಿನ ಮೇಲೆ ಬಿಟ್ಟಿದ್ದೆ. ಮಗಳು ಓದಿದಳು. ಅವಳಿಗೆ ಇಪ್ಪತ್ತು.

"ಅಮ್ಮಾ, ಇದು ನಿಂದಾ? ಬೇರೆ ಯಾರದ್ದೋ ನಮ್ಮನೆಗೆ ಬಂದಿದೆಯಾ?"

"ನಂದೇ."

"ಯಾವಾಗ ಹಾಕಿಸ್ಕೊಂಡೆ?"

"ನಿಂಗೆ ಎಂಟು ವರ್ಷ. ದೊಡ್ಡಮ್ಮನ ಮನೇಲಿ ಎರಡು ವಾರ ಬಿಟ್ಟಿದ್ವಲ್ಲ, ಆಗ."

"ಬೆನ್ನು ನೋವು ಅಂದಿದ್ರಿ."

"ಹೌದು."

ಅವಳು ಜಗಳವಾಡಲಿಲ್ಲ. ಕುಡಿದ ಲೋಟ ತೊಳೆದಿಟ್ಟು ಬಂದಳು. "ಹದಿನಾಲ್ಕನೇ ವಯಸ್ಸಲ್ಲಿ ನಿನ್ನ ಕೇಳಿದ್ದೆ ಅಮ್ಮಾ. ನಾನ್ಯಾಕೆ ಹೀಗಿದ್ದೀನಿ, ನಿನ್ನ ಥರ ಯಾಕಿಲ್ಲ ಅಂತ. ಬರತ್ತೆ ಕಾಯಿ ಅಂದೆ. ಕಾದೆ." ತನ್ನ ಕೋಣೆಗೆ ಹೋಗಿ ಬಣ್ಣದ ಕಾಗದವೊಂದನ್ನು ತಂದು ಮೇಜಿನ ಮೇಲೆ, ನಿಮ್ಮ ಫಾರಂ ಪಕ್ಕದಲ್ಲೇ ಇಟ್ಟಳು. ಇಂಥದ್ದನ್ನೇ ಹಾಕುವ ಯಾವುದೋ ಕ್ಲಿನಿಕ್ಕಿನದು. ಬೆಲೆಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಮಕ್ಕಳಿಗೆ ಪಾಠ ಹೇಳಿ ಸಂಪಾದಿಸಿದ್ದನ್ನು ಎರಡು ವರ್ಷದಿಂದ ಇದಕ್ಕೆಂದೇ ಕೂಡಿಡುತ್ತಿದ್ದಳು.

ನನ್ನ ಕಸುಬಿನಲ್ಲಿ ಸುಳ್ಳು ತೂಕದ ಬಟ್ಟು ಇಟ್ಟುಕೊಂಡವರ ಪರವಾನಗಿ ಹೋಗುತ್ತದೆ. ಕಳ್ಳ ಬಟ್ಟನ್ನು ಗಿರಾಕಿ ಅನುಮಾನಿಸುವುದಿಲ್ಲ, ತನ್ನ ಸಾಮಾನೇ ಕಡಿಮೆ ಎಂದುಕೊಂಡು ಹೋಗುತ್ತಾನೆ. ಹನ್ನೆರಡು ವರ್ಷ ನಾನು ಮನೆಯಲ್ಲಿ ಮಾಡಿದ್ದು ಅದು. ಅಳು ಬಂದಿದ್ದರೆ ಅವಳಿಗೂ ಹಗುರಾಗುತ್ತಿತ್ತೇನೋ, ನನಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಶಸ್ತ್ರವೈದ್ಯೆಗೆ ಫೋನ್ ಮಾಡಿ, ಎರಡೂ ತೆಗೆಯಿರಿ, ಹೊಸದು ಬೇಡ, ಪೊರೆಯನ್ನೂ ಬಿಡಬೇಡಿ ಎಂದೆ. "ಯೋಚನೆ ಮಾಡಿದ್ದೀರಾ?" ಎಂದರು. "ಮಾಡಿದ್ದೀನಿ" ಎಂದೆ. ನಿರ್ಧಾರ ಎನ್ನುವುದು ಅಷ್ಟೇ ಆಗಿತ್ತು.

ಆಮೇಲೆ ಸಿದ್ಧತೆ. ರಕ್ತ ತೆಳುವಾಗಿಸುವ ನೋವಿನ ಮಾತ್ರೆ ನಿಲ್ಲಿಸಿ ಹದಿಮೂರು ದಿನವಾಯಿತು. ಆರು ವಾರ ತೋಳು ಎತ್ತುವಂತಿಲ್ಲವಾದ್ದರಿಂದ ಮನೆಯವರು ಅಡುಗೆಮನೆಯ ಮೇಲಿನ ಅಟ್ಟದ ಡಬ್ಬಿಗಳನ್ನೆಲ್ಲ ಸೊಂಟದೆತ್ತರಕ್ಕೆ ಇಳಿಸಿದ್ದಾರೆ. ಈಗ ಅವರಿಗೇ ಸಕ್ಕರೆ ಸಿಗುತ್ತಿಲ್ಲ. ತಲೆಯ ಮೇಲಿಂದ ಬಟ್ಟೆ ಹಾಕಿಕೊಳ್ಳುವಂತಿಲ್ಲ, ಮುಂದೆ ಗುಂಡಿ ಇರಬೇಕು. ಅವರ ನಾಲ್ಕು ಹಳೆಯ ಅಂಗಿಗಳನ್ನು ಒಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ಒರಗಿ ಮಲಗಲು ಉದ್ದ ಕುರ್ಚಿಯನ್ನು ಅಕ್ಕನ ಮನೆಯಿಂದ ತಂದದ್ದಾಯಿತು. ಅಂಗಡಿಯ ಹಿರಿಯ ಮೆಕ್ಯಾನಿಕ್‌ಗೆ ಸಹಿಯ ಅಧಿಕಾರ ಬರೆದುಕೊಟ್ಟೆ. "ಏನಕ್ಕಾ ಆಪರೇಷನ್?" ಎಂದ. ಈ ಸಲ ಹೇಳಿದೆ. ಅವನು "ಓಹೋ" ಎಂದು ಇಪ್ಪತ್ತು ಕಿಲೋ ಬಟ್ಟನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟ.

ಮಗಳು ನನ್ನೊಂದಿಗೆ ಹೆಚ್ಚು ಮಾತಾಡುತ್ತಿಲ್ಲ. ಆದರೆ ಆಸ್ಪತ್ರೆಗೆ ಒಯ್ಯುವ ಚೀಲವನ್ನು ಅವಳೇ ತುಂಬಿದ್ದಾಳೆ. ಒಳಗೆ ದಿಂಬೊಂದನ್ನು ತುರುಕಿದ್ದಳು. ಬರುವಾಗ ಕಾರಿನ ಬೆಲ್ಟು ಒತ್ತದ ಹಾಗೆ ಎದೆಗೆ ಅಡ್ಡ ಇಟ್ಟುಕೊಳ್ಳಲಂತೆ, ಎಲ್ಲೋ ಓದಿದಳಂತೆ.

ಆಸ್ಪತ್ರೆಯ ಒಪ್ಪಿಗೆ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು. ಹೊರತೆಗೆದದ್ದನ್ನು ನಾಶಪಡಿಸಬೇಕೋ, ರೋಗಿಗೆ ಕೊಡಬೇಕೋ? ನಾನು ಎರಡನೆಯದಕ್ಕೆ ಗುರುತು ಹಾಕಿದೆ. ನರ್ಸ್ ನೋಡಿ, "ಹೆಚ್ಚಿನೋರು ಬೇಡ ಅಂತಾರೆ ಆಂಟೀ" ಎಂದಳು. "ನಂಗೆ ಬೇಕಮ್ಮ. ಒಂದು ಕಚೇರೀಲಿ ಕೇಳ್ತಿದ್ದಾರೆ" ಎಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಅನುಮತಿ ಬಂದರೂ ಬರದಿದ್ದರೂ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವು ಹೊರಬರುತ್ತವೆ. ಒಡೆದದ್ದು ಒಳಗಿದೆ, ಅದು ನಿಮ್ಮ ಟಪಾಲಿಗೆ ಕಾಯುವುದಿಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ನಿಮ್ಮ ಕಡೆಯವರೊಬ್ಬರನ್ನು ಕಳಿಸಿ. ಒಳಗೆ ಬರುವುದು ಬೇಡ. ವೈದ್ಯೆ ಸಂಖ್ಯೆ ಓದುತ್ತಾರೆ, ನಿಮ್ಮವರು ಬರೆದುಕೊಂಡು ಸಹಿ ಹಾಕಲಿ, ಡಬ್ಬಿಗೆ ಮುದ್ರೆ ಒತ್ತಲಿ. ನಾಲ್ಕನೇ ಕೌಂಟರಿನವರನ್ನೇ ಕಳಿಸಿದರೆ ಉತ್ತಮ, ಅವರಿಗೆ ಗಡಿಯಾರ ನೋಡುವ ಅಭ್ಯಾಸವಿದೆ. ಸಂಖ್ಯೆ ನಿಮ್ಮ ಪಟ್ಟಿಯಲ್ಲಿದ್ದರೆ ಹಣ ಕೊಡಿ, ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಿ, ನಾನು ಕೈಮುಗಿದು ಹೋಗುತ್ತೇನೆ. ಒಂಬತ್ತನೇ ಕಲಮನ್ನು ಮಾತ್ರ ತೆಗೆದುಹಾಕಿ, ನನಗೊಬ್ಬಳಿಗಲ್ಲ. ಕಾರ್ಡು ಮಾಸಿದವರು ಎಷ್ಟು ಮಂದಿಯೋ, ಅವರೆಲ್ಲರಿಗೂ ನನ್ನ ಹಾಗೆ ಸ್ವಂತ ಅಂಗಡಿ ಇರುವುದಿಲ್ಲ. ಅನುಮತಿಗೆ ಕಾಯುತ್ತ, ಒಡೆದದ್ದನ್ನು ಮೈಯೊಳಗಿಟ್ಟುಕೊಂಡು ದಿನ ಎಣಿಸುತ್ತಿರುವವರು ನಿಮ್ಮ ಮೆಟ್ಟಿಲುಗಳ ಮೇಲೆಯೇ ಕೂತಿದ್ದಾರೆ. ಇಳಿಯುವಾಗ ಒಮ್ಮೆ ನೋಡಿ.

ಯಾರಿಗೆ ಏನು ದಕ್ಕಿತು ಎಂಬುದನ್ನೂ ಬರೆದು ಮುಗಿಸುತ್ತೇನೆ. ಕಂಪನಿಗೆ: ಒಂದು ಜೊತೆಯ ಬೆಲೆ. ಹಳೆಯ ಆಸ್ಪತ್ರೆಗೆ: ಕಟ್ಟಡ ಮಾರಿದ ಹಣ. ನಿಮ್ಮ ಕಚೇರಿಗೆ: ನೂರ ಹದಿನೆಂಟು ಪುಟದ ಕಡತ, ಇನ್ನೂ ಮುಟ್ಟದ ಠೇವಣಿ ಮತ್ತು ಅದರ ಬಡ್ಡಿ. ಶಸ್ತ್ರವೈದ್ಯೆಗೆ: ದುಡಿದು ಪಡೆಯುವ ಶುಲ್ಕ. ಅತ್ತೆಗೆ: ನೆಂಟರಿಗೆ ಹೇಳಲು ಒಂದು ಮಾತು. ಮನೆಯವರಿಗೆ: ಆರು ವಾರದ ಅಡುಗೆ, ನಾಲ್ಕು ಅಂಗಿ ನಷ್ಟ. ಮಗಳಿಗೆ: ಏನೆಂದು ನನಗೆ ಗೊತ್ತಿಲ್ಲ. ಆ ಬಣ್ಣದ ಕಾಗದ ಇನ್ನೂ ಅವಳ ಕಪಾಟಿನಲ್ಲಿದೆ, ಅವಳ ಲೆಕ್ಕವನ್ನು ನಾನು ಮುಗಿಸುವ ಹಾಗಿಲ್ಲ. ನನಗೆ: ಗುರುವಾರ ಮಧ್ಯಾಹ್ನದ ಹೊತ್ತಿಗೆ ಆರುನೂರ ಐವತ್ತು ಗ್ರಾಂ ಕಡಿಮೆ.

ಇಂತಿ,
ಬುಧವಾರ ರಾತ್ರಿ ಹತ್ತರ ನಂತರ ನೀರು ಕೂಡ ಕುಡಿಯಬಾರದೆಂದು ಅಪ್ಪಣೆಯಾಗಿರುವ,
ಸಾಧನ ಸಮೇತ ಏಳು ಬಾರಿ ಹಾಜರಾಗಿಯೂ ಗೈರುಹಾಜರೆಂದು ದಾಖಲಾದ,
ತಮ್ಮ ಅರ್ಜಿದಾರಳು